ಇಡೀ ಪುಟದ ಸ್ಟೈಲ್ ಎಲ್ಲಿ ಬರೆಯಬೇಕು?

ಜಯನಗರದಲ್ಲಿ ಭಾನುವಾರ ವೆಬ್ ಪುಟ ಮಾಡುವುದನ್ನು ಹೇಳಿಕೊಡುತ್ತೇನೆ. ಹೊಸಬರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಪುಟದ ಅಂದ ಹೇಳುವ ಸ್ಟೈಲ್ ಫೈಲ್‌ನಲ್ಲಿ (ಸಿಎಸ್‌ಎಸ್) ಫಾಂಟು, ಬಣ್ಣ ಎಲ್ಲವನ್ನೂ ನಕ್ಷತ್ರದ ಗುರುತಿಗೆ (*, ಅಂದರೆ ‘ಪುಟದ ಎಲ್ಲ ಟ್ಯಾಗ್‌ಗಳಿಗೂ’) ಬರೆದುಬಿಡುತ್ತಾರೆ. ‘ಎಲ್ಲದಕ್ಕೂ ಬರಬೇಕಲ್ವಾ ಸರ್’ ಅನ್ನುತ್ತಾರೆ.

ಮೊದಲು ಎಚ್‌ಟಿಎಂಎಲ್ ಟ್ಯಾಗ್, ಇಡೀ ಪುಟವನ್ನು ಸುತ್ತುವರಿದಿರುವುದು. ಅದರ ಫಾಂಟ್ ಸೈಜ್ 100% ಇರಲಿ, ಪಿಕ್ಸೆಲ್ ಬೇಡ. ಕಣ್ಣು ಮಂಜಾದವರು ಬ್ರೌಸರ್ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಪಿಕ್ಸೆಲ್ ಬರೆದರೆ ಅದು ಕೆಲಸಕ್ಕೆ ಬರುವುದಿಲ್ಲ.

ಆಮೇಲೆ ಬಾಡಿ ಟ್ಯಾಗ್, ಪುಟದಲ್ಲಿ ಕಣ್ಣಿಗೆ ಕಾಣುವುದೆಲ್ಲ ಇದರೊಳಗೆ. ಫಾಂಟ್, ಬಣ್ಣ, ಹಿನ್ನೆಲೆ, ಸಾಲಿನ ಎತ್ತರ ಇಲ್ಲಿಗೆ. ಬ್ರೌಸರ್ ತಾನಾಗಿ ಹಾಕುವ 8 ಪಿಕ್ಸೆಲ್ ಮಾರ್ಜಿನ್ (ಸುತ್ತ ಬಿಡುವ ಜಾಗ) ಸೊನ್ನೆ ಮಾಡಿ. ಕನ್ನಡಕ್ಕೆ ಸಾಲಿನ ಎತ್ತರ 1.7 ಕೊಡಿ, ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಬರೀ ಅಂಕಿ ಸಾಕು. 24 ಪಿಕ್ಸೆಲ್ ಎಂದು ಬರೆದರೆ ದೊಡ್ಡ ಶೀರ್ಷಿಕೆಗೂ ಅದೇ 24 ಹೋಗಿ, ಸಾಲುಗಳು ಒಂದರ ಮೇಲೊಂದು ಏರುತ್ತವೆ.

ಈಗ ನಕ್ಷತ್ರ. ಇದನ್ನು ನಿಧಾನವಾಗಿ ಓದಿ. ಬಾಡಿ ಟ್ಯಾಗ್‌ಗೆ ಕೊಟ್ಟ ಬಣ್ಣ ತಾಯಿ ಟ್ಯಾಗ್‌ನಿಂದ ಅದರೊಳಗಿನ ಮಕ್ಕಳ ಟ್ಯಾಗ್‌ಗಳಿಗೆ ಇಳಿದು ಬರುತ್ತದೆ. ನಕ್ಷತ್ರ ಹಾಗಲ್ಲ, ಒಂದೊಂದು ಟ್ಯಾಗ್‌ಗೂ ನೇರವಾಗಿ ಬಣ್ಣ ಹಚ್ಚುತ್ತದೆ. ನೇರವಾಗಿ ಹಚ್ಚಿದ್ದರ ಮುಂದೆ ಇಳಿದು ಬಂದದ್ದು ಯಾವಾಗಲೂ ಸೋಲುತ್ತದೆ. ಲಾಲ್‌ಬಾಗ್ ಹತ್ತಿರದ ಒಂದು ಗಿಡದ ನರ್ಸರಿಗೆ ಪುಟ ಮಾಡುತ್ತಿದ್ದ ಹುಡುಗ ಹಸಿರು ಡಬ್ಬಿಗೆ ಬಿಳಿ ಅಕ್ಷರ ಕೊಟ್ಟಿದ್ದ. ಒಳಗಿನ ಪ್ಯಾರಾ ಕಪ್ಪಾಗಿಯೇ ಉಳಿಯಿತು. ಡಬ್ಬಿಯ ಸಾಲಿಗೆ ‘ಇಂಪಾರ್ಟೆಂಟ್’ (!important, ‘ಇದೇ ಗೆಲ್ಲಲಿ’ ಎಂಬ ಗುರುತು) ಸೇರಿಸಿದ. ಆಗಲೂ ಕಪ್ಪೇ! ಪ್ಯಾರಾಗೆ ನಕ್ಷತ್ರ ನೇರವಾಗಿ ಕಪ್ಪು ಹಚ್ಚಿತ್ತು, ಡಬ್ಬಿಯ ಇಂಪಾರ್ಟೆಂಟ್ ಪ್ಯಾರಾವರೆಗೆ ತಲುಪುವುದೇ ಇಲ್ಲ. ಆ ಕಪ್ಪು ಬಣ್ಣದ ಸಾಲನ್ನು ನಕ್ಷತ್ರದಿಂದ ಬಾಡಿ ಟ್ಯಾಗ್‌ಗೆ ಸಾಗಿಸಿದೆವು, ಸರಿಹೋಯಿತು. ನಕ್ಷತ್ರಕ್ಕೆ ‘ಬಾಕ್ಸ್ ಸೈಜಿಂಗ್: ಬಾರ್ಡರ್ ಬಾಕ್ಸ್’ (ಡಬ್ಬಿಯ ಅಗಲದಲ್ಲೇ ಅಂಚನ್ನೂ ಒಳಗಿನ ಜಾಗವನ್ನೂ ಲೆಕ್ಕ ಹಾಕು ಎನ್ನುವ ಸಾಲು) ಒಂದನ್ನು ಮಾತ್ರ ಉಳಿಸಿ. ಅದು ಇಳಿದು ಬರುವ ಗುಣವಲ್ಲ, ಹಾಗಾಗಿ ಅಲ್ಲೇ ಬೇಕು.

ಬಟನ್, ಇನ್‌ಪುಟ್, ಸೆಲೆಕ್ಟ್, ಟೆಕ್ಸ್ಟ್ಏರಿಯಾ ಮಾತ್ರ ಬಾಡಿಯ ಫಾಂಟ್ ಕೇಳುವುದಿಲ್ಲ. ಬ್ರೌಸರ್ ಅವಕ್ಕೆ ತನ್ನದೇ ಫಾಂಟ್ ಹಾಕಿರುತ್ತದೆ. ನಾಲ್ಕಕ್ಕೂ ಸೇರಿಸಿ ‘ಫಾಂಟ್: ಇನ್‌ಹೆರಿಟ್’ (ತಾಯಿ ಟ್ಯಾಗ್‌ನ ಫಾಂಟನ್ನೇ ತಗೋ) ಎಂದು ಬರೆಯಿರಿ.

ಇದೆಲ್ಲ ಸ್ಟೈಲ್ ಫೈಲ್‌ನ ತಲೆಯಲ್ಲೇ ಇರಲಿ. ಕಡಿಮೆ ಬೆಲೆಯ ರೆಡಿಮೇಡ್ ಟೆಂಪ್ಲೇಟ್ ತಂದರೆ ‘ಔಟ್‌ಲೈನ್: ನನ್’ ಇದೆಯಾ ನೋಡಿ, ಇದ್ದರೆ ಅಳಿಸಿ. ಅದಿದ್ದರೆ ಆಯ್ಕೆಯಾದ ಲಿಂಕ್ ಅಥವಾ ಬಟನ್ ಸುತ್ತ ಬರುವ ಗೆರೆ ಮಾಯವಾಗಿ, ಮೌಸ್ ಬಿಟ್ಟು ಬರೀ ಕೀಬೋರ್ಡ್ ಬಳಸುವವರಿಗೆ ಪುಟದಲ್ಲಿ ತಾವು ಎಲ್ಲಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ಕೊನೆಗೆ ಯಾವುದಾದರೂ ಪ್ಯಾರಾ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ತೆರೆಯಿರಿ. ಬಣ್ಣದ ಸಾಲು ‘ಇನ್‌ಹೆರಿಟೆಡ್ ಫ್ರಮ್ ಬಾಡಿ’ ಅನ್ನುವುದರ ಕೆಳಗೆ ಕಾಣಬೇಕು. ನಕ್ಷತ್ರದ ಕೆಳಗೆ ಕಂಡರೆ ಇನ್ನೂ ಸಾಗಿಸುವುದು ಬಾಕಿಯಿದೆ.