ಹಳೆಯ ಪಿಕಪ್‌ಗೆ ಕೈ ಹಾಕುವ ಮೊದಲು ನಾನು ಹಾಕಿದ ಲೆಕ್ಕ

ಹಳೆಯ ಸಣ್ಣ ಪಿಕಪ್ ನೋಡಲು ಹೋದಾಗ ನಾನು ಬಾನೆಟ್ ಎತ್ತುವುದು ಕೊನೆಗೆ. ಮೊದಲು ಅಡಿಯಲ್ಲಿ ಮಲಗುತ್ತೇನೆ. ಎಂಜಿನ್ ಕೆಟ್ಟಿದ್ದರೆ ಬಿಚ್ಚಿ ಸರಿಮಾಡಬಹುದು, ಇನ್ನೊಂದನ್ನು ಕೂರಿಸಬಹುದು. ಗಾಡಿಯನ್ನೆಲ್ಲ ಹೊರುವ ಉಕ್ಕಿನ ಚೌಕಟ್ಟನ್ನು, ಅಂದರೆ ಚಾಸಿಯನ್ನು, ಒಳಗಿಂದ ತುಕ್ಕು ತಿಂದಿದ್ದರೆ ಅದರ ಮೇಲೆ ಸುರಿಯುವ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಬೇಕಾದದ್ದು ಸಣ್ಣ ಸುತ್ತಿಗೆ, ಹಳೆಯ ಸ್ಕ್ರೂಡ್ರೈವರ್, ಟಾರ್ಚ್. ಚಾಸಿ ಎಲ್ಲಿ ಪೆಟ್ಟಿಗೆಯಂತೆ ಮುಚ್ಚಿಕೊಂಡಿದೆಯೋ ಅಲ್ಲಿ ಕೆಸರು ಸೇರಿ ಒಣಗದೆ ಉಳಿಯುತ್ತದೆ. ಹಿಂದಿನ ಲೀಫ್ ಸ್ಪ್ರಿಂಗನ್ನು ಚಾಸಿಗೆ ಹಿಡಿಸುವ ಹ್ಯಾಂಗರ್, ಶ್ಯಾಕಲ್ ಸುತ್ತಮುತ್ತ, ಸ್ಟೆಪ್ನಿ ತೂಗುವ ಜಾಗ, ಇಂಧನ ಟ್ಯಾಂಕಿನ ಮೇಲಿರುವ ಚಾಸಿಯ ಭಾಗ, ಇವಿಷ್ಟನ್ನು ಬಡಿದು ನೋಡಬೇಕು. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದೊಪ್ ಎನ್ನುತ್ತದೆ. ಸ್ಕ್ರೂಡ್ರೈವರ್ ಒಳಗೆ ಇಳಿದರೆ ಚೌಕಾಸಿಗೂ ನಿಲ್ಲದೆ ಹೊರಡುತ್ತೇನೆ. ಅಡಿಭಾಗಕ್ಕೆ ಹೊಸದಾಗಿ ದಪ್ಪ ಕರಿ ಬಣ್ಣ ಬಳಿದಿದ್ದರೆ ಅದನ್ನು ಗುಣವೆಂದು ಎಣಿಸುವುದಿಲ್ಲ, ಅನುಮಾನವೆಂದೇ ಎಣಿಸುತ್ತೇನೆ.

ಹಣವನ್ನು ನೂರು ಪಾಲು ಮಾಡಿ ಬರೆದಿಟ್ಟದ್ದು ಹೀಗೆ: ಗಾಡಿ ಕೊಳ್ಳಲು 35, ಬ್ರೇಕ್, ಸ್ಟೀರಿಂಗ್ ಮತ್ತು ಟೈರಿಗೆ 22, ಎಂಜಿನ್ ಮತ್ತು ಕೂಲಿಂಗ್‌ಗೆ 15, ಆಯಿಲ್, ಕೂಲಂಟ್, ಗ್ಯಾಸ್ಕೆಟ್, ಬ್ರೇಕ್ ಕ್ಲೀನರ್, ಮುರಿದ ಬೋಲ್ಟು ಇತ್ಯಾದಿ ಚಿಲ್ಲರೆಗೆ 8. ಉಳಿದ 20 ಮುಟ್ಟುವಂತಿಲ್ಲ. ಚಿಲ್ಲರೆಯ 8 ಪಾಲನ್ನು ಯಾರೂ ಬರೆಯುವುದಿಲ್ಲ. ಬಜೆಟ್ ಸೋರುವುದೇ ಅಲ್ಲಿ. ಬಣ್ಣಕ್ಕೆ, ಅಲಾಯ್ ವೀಲಿಗೆ, ಸ್ಟೀರಿಯೋಗೆ ಪಾಲೇ ಇಲ್ಲ. ಅವೆಲ್ಲ ಮುಟ್ಟದ ಇಪ್ಪತ್ತರಲ್ಲಿ ಏನಾದರೂ ಉಳಿದರೆ ಮಾತ್ರ.

ಆರಿಸಿಕೊಂಡದ್ದು 22ಆರ್‌ಇ ಎಂಜಿನ್ನಿನ ಟೊಯೋಟಾ ಪಿಕಪ್. 2.4 ಲೀಟರ್, ನಾಲ್ಕು ಸಿಲಿಂಡರ್, ಫ್ಯುಯೆಲ್ ಇಂಜೆಕ್ಷನ್. ಬಾನೆಟ್ ಕೆಳಗೆ ಕೈ ಆಡಿಸಲು ಜಾಗವಿದೆ, ಹೆಚ್ಚಿನ ಕೆಲಸ ಸಾಧಾರಣ ಸ್ಪ್ಯಾನರ್‌ಗಳಲ್ಲೇ ಮುಗಿಯುತ್ತದೆ. ಬೇರೆ ಕಂಪನಿಯ ಅದೇ ಕಾಲದ ಪಿಕಪ್ ಆದರೂ ಲೆಕ್ಕದ ಕ್ರಮ ಬದಲಾಗದು, ಅಂಕಿ ಮಾತ್ರ ಬದಲಾಗುತ್ತದೆ.

ಮೊದಲ ಪರೀಕ್ಷೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆ ಎಂಬುದು. ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ ತೆಗೆದು, ಇಗ್ನಿಷನ್ ಮತ್ತು ಇಂಜೆಕ್ಟರ್ ಸಂಪರ್ಕ ಕಳಚಿ, ಒಂದೊಂದೇ ಪ್ಲಗ್ ತೂತಿಗೆ ಕಂಪ್ರೆಷನ್ ಮೀಟರ್ ಕೂರಿಸಿ, ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಬೇಕು. ಆಕ್ಸಲರೇಟರ್ ಒತ್ತದಿದ್ದರೆ ಗಾಳಿ ಸಾಲದೆ ಅಂಕಿ ಸುಳ್ಳು ಹೇಳುತ್ತದೆ. ಈ ಎಂಜಿನ್ನಿಗೆ ಸರಿಯಾದ ಒತ್ತಡ 171 ಪಿಎಸ್‌ಐ, ಕನಿಷ್ಠ 142, ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 14ರ ಒಳಗಿರಬೇಕು. ಒಂದರಲ್ಲಿ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡುತ್ತೇನೆ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆಯ ದೋಷ. ಆಗಲೂ ಹೆಡ್ ಬಿಚ್ಚಲು ಅವಸರ ಬೇಡ. ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು, ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ. ಬಿಸಿ ಎಂಜಿನ್ನಿನಲ್ಲಿ ಇನ್‌ಟೇಕ್ 0.20 ಮಿ.ಮೀ., ಎಕ್ಸಾಸ್ಟ್ 0.30 ಮಿ.ಮೀ. ಇಟ್ಟು ಮತ್ತೊಮ್ಮೆ ಅಳೆದರೆ ಎಷ್ಟೋ ಸಲ ರೋಗವೇ ಇರುವುದಿಲ್ಲ.

ಇನ್ನು ಟೈಮಿಂಗ್ ಚೈನ್, ಕೆಳಗಿನ ಕ್ರ್ಯಾಂಕಿನಿಂದ ವಾಲ್ವ್ ತೆರೆಯುವ ಮೇಲಿನ ಕ್ಯಾಮ್ ಅನ್ನು ತಿರುಗಿಸುವುದು. ಎಂಜಿನ್ ಪಾಲಿನ ಬಹುಭಾಗವನ್ನು ಇದಕ್ಕೇ ಎತ್ತಿಟ್ಟೆ. ಈ ಎಂಜಿನ್ನಿಗೆ ಬಂದದ್ದು ಒಂದೇ ಸಾಲಿನ ಚೈನ್ ಮತ್ತು ಅದನ್ನು ದಾರಿಯಲ್ಲಿಡುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ಗೈಡ್. ವಯಸ್ಸಾದಂತೆ ಪ್ಲಾಸ್ಟಿಕ್ ಗಡುಸಾಗಿ ಒಡೆಯುತ್ತದೆ. ಆಮೇಲೆ ಸಡಿಲ ಚೈನ್ ಮುಂದಿನ ಅಲ್ಯೂಮಿನಿಯಂ ಕವರನ್ನು ಗರಗಸದಂತೆ ಕೊಯ್ಯುತ್ತ ಹೋಗಿ ಕೊನೆಗೆ ಕೂಲಂಟ್ ದಾರಿಗೆ ತೂತು ಮಾಡುತ್ತದೆ, ಕೂಲಂಟ್ ಆಯಿಲಿಗೆ ಇಳಿಯುತ್ತದೆ. ಬೆಳಗಿನ ತಣ್ಣನೆಯ ಸ್ಟಾರ್ಟ್‌ನಲ್ಲಿ ಒಂದೆರಡು ಸೆಕೆಂಡ್ ಗಡಗಡ ಸದ್ದು ಬಂದು ನಿಂತರೆ ಅದು ಮೊದಲ ಸೂಚನೆ: ಚೈನ್ ಬಿಗಿಯಾಗಿಡುವ ಟೆನ್ಷನರ್‌ಗೆ ಆಯಿಲ್ ಒತ್ತಡ ಬರುವವರೆಗೆ ಚೈನ್ ಸಡಿಲವಾಗಿರುತ್ತದೆ. ಅದಕ್ಕೇ ಮಾರುವವರಿಗೆ ಎಂಜಿನ್ ಮೊದಲೇ ಬಿಸಿ ಮಾಡಿಡಬೇಡಿ ಎಂದು ಹೇಳಿಯೇ ಹೋಗುತ್ತೇನೆ. ವಾಲ್ವ್ ಕವರ್ ತೆಗೆದು ಮುಂಭಾಗದಲ್ಲಿ ಟಾರ್ಚ್ ಬಿಟ್ಟರೆ ಗಾಡಿಯ ಎಡಬದಿಯ ಗೈಡ್ ಇದೆಯೋ, ಚೂರಾಗಿ ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ, ಅಂದರೆ ಸಂಪ್ ಒಳಗೆ, ಬಿದ್ದಿದೆಯೋ ಗೊತ್ತಾಗುತ್ತದೆ.

ಬಿಚ್ಚುವಾಗ ಎಡವುವ ಜಾಗಗಳು ಕೆಲವಿವೆ. ಹೆಡ್ಡಿನ ಮುಂಭಾಗದಲ್ಲಿ ಆಯಿಲ್ ನಿಂತ ಗುಂಡಿಯೊಳಗೆ ಒಂದು ಬೋಲ್ಟು ಅಡಗಿರುತ್ತದೆ, ಹೆಡ್ಡನ್ನು ಟೈಮಿಂಗ್ ಕವರಿಗೆ ಬಿಗಿಯುವುದು ಅದೇ. ಅದನ್ನು ಮರೆತು ಮೀಟಿದರೆ ಕವರ್ ಬಿರುಕು ಬಿಡುತ್ತದೆ. ಕವರಿನ ಬೋಲ್ಟುಗಳ ಉದ್ದ ಬೇರೆ ಬೇರೆ. ರಟ್ಟಿನ ಮೇಲೆ ಕವರಿನ ಆಕಾರ ಬರೆದು ಆಯಾ ಜಾಗದಲ್ಲೇ ಚುಚ್ಚಿಟ್ಟೆ. ಹೆಡ್ ತೆಗೆಯದೆ ಮಾಡುವುದಾದರೆ ಹೆಡ್ ಗ್ಯಾಸ್ಕೆಟ್‌ನ ಮುಂದಿನ ಅಂಚು ಹರಿಯದಂತೆ ನೋಡಬೇಕು, ಕವರ್ ಮತ್ತೆ ಕೂರಿಸುವಾಗ ಆ ಅಂಚಿಗೂ ಮೂಲೆಗಳಿಗೂ ತೆಳ್ಳಗೆ ಸೀಲಂಟ್ ಹಚ್ಚಬೇಕು. ಸಂಪ್ ಇಳಿಸದೆ ತಪ್ಪಿಸಿಕೊಳ್ಳಲು ನೋಡಬಾರದು. ಒಡೆದ ಪ್ಲಾಸ್ಟಿಕ್ ಚೂರುಗಳು ಇರುವುದು ಅಲ್ಲೇ, ಆಯಿಲ್ ಪಿಕಪ್ ಜಾಲರಿಗೆ ಅಂಟಿಕೊಂಡು.

ಚೈನ್, ಅದು ಸುತ್ತುವ ಎರಡೂ ಹಲ್ಲಿನ ಚಕ್ರ (ಸ್ಪ್ರಾಕೆಟ್), ಟೆನ್ಷನರ್, ಕ್ರ್ಯಾಂಕ್ ಸೀಲ್ ಎಲ್ಲವೂ ಹೊಸದು. ಗೈಡ್ ಉಕ್ಕಿನ ಬೆನ್ನಿನದು. ಹಳೆಯ ಕವರನ್ನು ತೊಳೆದು ಎಡ ಒಳಗೋಡೆಗೆ ಬೆರಳಾಡಿಸಿ ನೋಡಬೇಕು. ಆಳವಾದ ಗೆರೆ ಸಿಕ್ಕರೆ ಕವರ್ ಸಹ ಬದಲು. ಚೈನಿನ ಹೊಳೆಯುವ ಕೊಂಡಿಗಳು ಸ್ಪ್ರಾಕೆಟ್ ಗುರುತಿಗೆ ಕೂಡುವುದು ಜೋಡಿಸುವ ಹೊತ್ತಿನಲ್ಲಿ ಮಾತ್ರ. ಕೈಯಿಂದ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿದ ಮೇಲೆ ಕೊಂಡಿಗಳು ಬೇರೆ ಕಡೆ ಹೋಗಿರುತ್ತವೆ, ಗಾಬರಿ ಬೇಡ. ಕ್ರ್ಯಾಂಕ್ ಮತ್ತು ಕ್ಯಾಮ್ ಗುರುತು ಸರಿಯಿದ್ದರೆ ಸಾಕು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ ಗಾಡಿಯಾದರೆ, ಸಂಪ್ ಹೇಗೂ ಕೆಳಗಿರುವಾಗ ಒಂದು ಕನೆಕ್ಟಿಂಗ್ ರಾಡ್ ಕ್ಯಾಪ್ ಬಿಚ್ಚಿ ಬೇರಿಂಗ್ ನೋಡುವುದು ಹತ್ತು ನಿಮಿಷದ ಕೆಲಸ.

ಬ್ರೇಕಿಗೆ ಬಂದರೆ, ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಫ್ಲೂಯಿಡ್ ದಾಟುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ; ಚಕ್ರ ಹಿಡಿದುಕೊಂಡೇ ಇರುತ್ತದೆ. ಕ್ಯಾಲಿಪರ್ ಬದಲಿಸಿದರೂ ಹೋಗದ ತೊಂದರೆಗೆ ಕಾರಣ ಇದೇ ಆಗಿರುತ್ತದೆ. ಆದ್ದರಿಂದ ಹೋಸ್‌ಗಳೆಲ್ಲ ಹೊಸವು, ಫ್ಲೂಯಿಡ್ ಪೂರ್ತಿ ಹೊಸದು. ಹಿಂದಿನ ಡ್ರಮ್ ಒಳಗೆ ಎಣ್ಣೆ ಕಂಡರೆ ಯಾವುದೆಂದು ಮೂಸಿ ನೋಡಿ: ಗಂಧಕದ ಘಾಟು ಇದ್ದರೆ ಗೇರ್ ಆಯಿಲ್, ಆಕ್ಸಲ್ ಸೀಲ್ ಹೋಗಿದೆ, ಇಲ್ಲದಿದ್ದರೆ ವೀಲ್ ಸಿಲಿಂಡರ್. ಎರಡರಲ್ಲಿ ಯಾವುದಾದರೂ ನೆನೆದ ಬ್ರೇಕ್ ಶೂಗಳನ್ನು ತೊಳೆದು ಬಳಸುವಂತಿಲ್ಲ.

ಗಾಡಿ ಎತ್ತರಿಸುವ ಆಸೆ ಎಲ್ಲರಿಗೂ. ಹಿಂದಿನ ಆಕ್ಸಲ್‌ನಿಂದ ಒಂದು ಸರಳು ಚಾಸಿಯ ಮೇಲಿನ ಲೋಡ್ ಸೆನ್ಸಿಂಗ್ ವಾಲ್ವ್‌ಗೆ ಹೋಗುತ್ತದೆ. ಸ್ಪ್ರಿಂಗ್ ಎತ್ತರಿಸಿದರೆ ಗಾಡಿ ಖಾಲಿಯಿದೆ ಎಂದುಕೊಂಡು ಆ ವಾಲ್ವ್ ಹಿಂದಿನ ಬ್ರೇಕಿನ ಒತ್ತಡ ಇಳಿಸುತ್ತದೆ. ಸರಳಿನ ಬ್ರಾಕೆಟ್ಟನ್ನೂ ಅಷ್ಟೇ ಎತ್ತರಿಸದೆ ಬಿಟ್ಟರೆ ಮುಂದಿನ ಬ್ರೇಕೇ ಎಲ್ಲ ಕೆಲಸ ಹೊರುತ್ತದೆ. ದೊಡ್ಡ ಟೈರಿನದೂ ಇಂಥದೇ ಗುಪ್ತ ಖರ್ಚು: 4.10 ಗೇರ್ ಅನುಪಾತದ ಆಕ್ಸಲ್‌ಗೆ 28 ಇಂಚಿನ ಬದಲು 31 ಇಂಚಿನ ಟೈರ್ ಹಾಕಿದರೆ 4.10ನ್ನು 28ರಿಂದ ಗುಣಿಸಿ 31ರಿಂದ ಭಾಗಿಸಬೇಕು, 3.70ರ ಗೇರ್ ಹಾಕಿದಂತಾಗುತ್ತದೆ, ಎಳೆಯುವ ಬಲ ಇಳಿಯುತ್ತದೆ. ಈ ಎಂಜಿನ್ನಿಗೆ ಮೊದಲೇ ಕಸುವು ಕಡಿಮೆ. ಸ್ಪೀಡೋಮೀಟರ್ ಕಡಿಮೆ ತೋರಿಸುವುದು ಬೇರೆ. ಅದಕ್ಕೇ ನನ್ನ ಯೋಜನೆಯಲ್ಲಿ ಮೂಲ ಅಳತೆಯ ಟೈರೇ. ಟೈರ್ ಕೊಳ್ಳುವಾಗ ಪಕ್ಕದ ಗೋಡೆಯ ಮೇಲಿನ ತಯಾರಿಕಾ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಬೇಕು. 2314 ಎಂದಿದ್ದರೆ 2014ರ 23ನೇ ವಾರದ್ದು. ಅಚ್ಚು ಎಷ್ಟೇ ಆಳವಿರಲಿ, ಅಂಥ ಟೈರ್ ಬೇಡ.

ವೈರಿಂಗ್‌ನಲ್ಲಿ ಹಿಂದಿನವರು ಟೇಪ್ ಸುತ್ತಿದ ಕಡೆಯೆಲ್ಲ ಬಿಚ್ಚಿ ನೋಡುತ್ತೇನೆ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ ನೆಗೆಟಿವ್ ತುದಿಯಿಂದ ಎಂಜಿನ್ ಬ್ಲಾಕಿಗೆ ಮೀಟರ್ ಹಿಡಿದರೆ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ತೋರಿಸಿದರೆ ಅರ್ತ್ ಕೇಬಲ್ ಬದಲಿಸಿ, ಸ್ಟಾರ್ಟರ್ ಬಿಚ್ಚಬೇಡಿ.

ಲೀಫ್ ಸ್ಪ್ರಿಂಗ್ ಬಿಚ್ಚುವುದಿದ್ದರೆ ವಾರ ಮೊದಲೇ ದಿನಕ್ಕೊಮ್ಮೆ ತುಕ್ಕು ಬಿಡಿಸುವ ಎಣ್ಣೆ ಹಾಕಬೇಕು. ಶ್ಯಾಕಲ್ ಬೋಲ್ಟು ಬುಶ್‌ನ ಒಳತೋಳಿಗೆ ಅಂಟಿಕೊಂಡಿದ್ದರೆ ಕೊಯ್ದೇ ತೆಗೆಯಬೇಕಾಗುತ್ತದೆ, ಹಾಗಾಗಿ ಬೋಲ್ಟು, ಬುಶ್ ಕೈಯಲ್ಲಿಟ್ಟುಕೊಂಡೇ ಆರಂಭಿಸಬೇಕು. ಯು-ಬೋಲ್ಟು ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ಹಳೆಯದು ಹಿಗ್ಗಿರುತ್ತದೆ, ಬಿಗಿ ನಿಲ್ಲುವುದಿಲ್ಲ.

ಮುಟ್ಟದೆ ಇಟ್ಟ 20 ಪಾಲನ್ನು ಮೊದಲ 1,000 ಕಿ.ಮೀ. ಓಡುವವರೆಗೂ ಹಾಗೇ ಇಡುತ್ತೇನೆ. ಆ ಅಂತರದಲ್ಲಿ ಯು-ಬೋಲ್ಟು ಮತ್ತೊಮ್ಮೆ ಬಿಗಿದು, ವಾಲ್ವ್ ಕ್ಲಿಯರೆನ್ಸ್ ಅಳೆದು, ಎಂಜಿನ್ ಆಯಿಲ್ ಬದಲಿಸಿ, ಹಳೆಯ ಫಿಲ್ಟರನ್ನು ಕೊಯ್ದು ಒಳಗೆ ಲೋಹದ ಪುಡಿ ಇದೆಯೇ ಎಂದು ನೋಡುತ್ತೇನೆ. ಇಲ್ಲದಿದ್ದರೆ ಆಗ ಬಣ್ಣದ ಮಾತು.