ಪೇಟಿ ಮನೆಯಲ್ಲಿ ಹುಟ್ಟಿದವನ ಎಡಗೈ

ನಮ್ಮದು ಗದಗ. ಮನೆತನದ ಕಸುಬು ಪೇಟಿ, ಅಂದರೆ ಹಾರ್ಮೋನಿಯಂ. ಅಜ್ಜ ಕಂಪನಿ ನಾಟಕದಲ್ಲಿ ಪೇಟಿ ಮಾಸ್ತರ. ಅಪ್ಪ ಭಜನೆಗೆ, ವಚನ ಗಾಯನಕ್ಕೆ ಸಾಥ್ ಕೊಡುತ್ತಾ, ಸಂಜೆ ಹುಡುಗರಿಗೆ ಪಾಠ ಹೇಳುತ್ತಾ ಸಂಸಾರ ನಡೆಸಿದವರು. ಅತ್ತೆ ಹಾಡುತ್ತಾರೆ, ಅಣ್ಣ ತಬಲಾ. ನಾನೊಬ್ಬ ಕೀಬೋರ್ಡ್ ಹಿಡಿದು ಬೆಂಗಳೂರಿಗೆ ಬಂದೆ. ಆರ್ಕೆಸ್ಟ್ರಾ, ಸುಗಮ ಸಂಗೀತ, ಸ್ಟುಡಿಯೋ ಅಂತ ಇದರಲ್ಲೇ ಹೊಟ್ಟೆ ತುಂಬುತ್ತಿದೆ.

"ಸಂಗೀತದ ಮನೆ ಅಲ್ವಾ, ನಿಮಗೆಲ್ಲ ಸುಲಭ" ಎನ್ನುವವರು ಬಹಳ. ಅರ್ಧ ನಿಜ. ಗದಗಿನಲ್ಲಿ ಕಿವಿ ಸುಮ್ನೆ ತಯಾರಾಗುತ್ತದೆ. ವೀರೇಶ್ವರ ಪುಣ್ಯಾಶ್ರಮ ಇರುವ ಊರು ಅದು. ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿ ಅನ್ನದ ದಾರಿ ತೋರಿಸಿದ ಜಾಗ. ಮನೆಯೊಳಗಂತೂ ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ. ನಾನು ಪಡಸಾಲೆಯಲ್ಲಿ ನುಡಿಸುತ್ತಿದ್ದರೆ ಅಪ್ಪ ಹಿತ್ತಲಿನಿಂದಲೇ "ನಿಷಾದ ನೋಡ್ಕೋ" ಎನ್ನುತ್ತಿದ್ದರು. ಹೀಗೆ ಕಿವಿ ಬಂತು, ಬಲಗೈ ಬಂತು.

ಬರದೇ ಇದ್ದದ್ದು ಎಡಗೈ. ಪೇಟಿಯವರ ಎಡಗೈಗೆ ಇರುವುದು ಒಂದೇ ಕೆಲಸ, ಗಾಳಿ ಹಾಕುವುದು. ಅದು ಸಣ್ಣ ಕೆಲಸವೇನಲ್ಲ. ದನಿ ಏರುವುದು, ಇಳಿಯುವುದು, ಉಸಿರು ಬಂದಂತೆ ಕೇಳುವುದು ಎಲ್ಲ ಆ ಕೈಯಿಂದಲೇ. ಆದರೆ ಆ ಕೈಯ ಬೆರಳುಗಳು ಒಂದು ಸ್ವರವನ್ನೂ ಮುಟ್ಟಿರುವುದಿಲ್ಲ. ಅಜ್ಜನದು ಕಾಲಿನಿಂದ ತುಳಿಯುವ ಲೆಗ್ ಹಾರ್ಮೋನಿಯಂ, ಎರಡೂ ಕೈ ಖಾಲಿ. ಆದರೂ ಅವರು ಎರಡು ಕೈಯಲ್ಲೂ ನುಡಿಸುತ್ತಿದ್ದದ್ದು ಒಂದೇ ರಾಗದ ಸಾಲು, ಒಂದು ಸಪ್ತಕ ಮೇಲೆ, ಒಂದು ಕೆಳಗೆ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಬೆಂಚಿಗೆ ಕೇಳಬೇಕಿತ್ತಲ್ಲ. ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೇ ಒತ್ತಿ ಹಾಡಿಗೆ ಆಸರೆ ಕೊಡುವುದು, ನಮ್ಮ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ನನಗೆ ಅದು ಸಿಕ್ಕಿದ್ದು ಬೆಟಗೇರಿಯ ಚರ್ಚಿನಲ್ಲಿ. ಗದಗಿಗೆ ಅಂಟಿಕೊಂಡೇ ಇರುವ ಊರು. ಬಾಸೆಲ್ ಮಿಷನ್‌ನವರು 19ನೇ ಶತಮಾನದಲ್ಲೇ ಅಲ್ಲಿಗೆ ಬಂದಿದ್ದರು. ಅಲ್ಲಿ ಆರ್ಗನ್ ನುಡಿಸುತ್ತಿದ್ದ ಹಿರಿಯರೊಬ್ಬರು ಅಪ್ಪನಿಗೆ ಪರಿಚಯ. ಕನ್ನಡ ಕೀರ್ತನೆಯನ್ನೇ ನಾಲ್ಕು ದನಿಯಲ್ಲಿ ಬಿಡಿಸಿ ಹಾಡುವುದನ್ನು ಮೊದಲ ಸಲ ಅಲ್ಲಿ ಕೇಳಿದೆ. ಕಲಿಸಿ ಅಂತ ಹೋದರೆ ಅವರು ನನ್ನ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಲು ಹೇಳಿದರು. "ಈ ಕೈ ಭಾಳ ಶಾಣ್ಯಾ ಐತಿ, ಅದಕ್ಕ ಇನ್ನೊಂದ ಕಲಿಯಾಂಗಿಲ್ಲ" ಎಂದರು.

ನಾನು ಮಾಡಿದ್ದು ಇಷ್ಟು. ನಮ್ಮ ಅಲಂಕಾರಗಳನ್ನೇ, ಅಂದರೆ ಸರಿಗಮದ ಅಭ್ಯಾಸ ಪಾಠಗಳನ್ನೇ, ಎಡಗೈಗೆ ಕೊಟ್ಟೆ. ಕಿರುಬೆರಳಿನಿಂದ ಶುರು, ಸ ರಿ ಗ ಮ ಪ ಹೆಬ್ಬೆರಳಿಗೆ ಬಂದು ಮುಗಿಯುತ್ತದೆ, ಅಲ್ಲಿಂದ ಮಧ್ಯದ ಬೆರಳು ಹೆಬ್ಬೆರಳಿನ ಮೇಲಿಂದ ದಾಟಿ ಧೈವತಕ್ಕೆ ಬರಬೇಕು. ಆ ದಾಟುವ ಜಾಗದಲ್ಲೇ ಲಯ ಮುಗ್ಗರಿಸುತ್ತದೆ. ಅಣ್ಣನನ್ನು ಕೂರಿಸಿ ತಬಲಾದಲ್ಲಿ ವಿಲಂಬಿತ ಠೇಕಾ, ಅಂದರೆ ನಿಧಾನದ ತಾಳ, ಹಿಡಿಸಿಕೊಂಡೆ. ಲಯ ಎಣಿಸುವ ಯಂತ್ರ ಮೆಟ್ರೊನೋಮ್ ಆದರೆ ಆಫ್ ಮಾಡಬಹುದು, ಅಣ್ಣ ಬೈಯುತ್ತಾನೆ. ಆಮೇಲೆ ಎಡಗೈಯಲ್ಲಿ ಬರೀ ಷಡ್ಜ-ಪಂಚಮ ಒತ್ತಿ ಹಿಡಿದು ಬಲಗೈಯಲ್ಲಿ ಗೊತ್ತಿರುವ ಚೀಜ್, ಅಂದರೆ ರಾಗದ ಬಂದಿಶ್. ಕೊನೆಗೆ ಮೂರು ಸ್ವರದ ಕಾರ್ಡ್.

ಕಾರ್ಡ್ ಹಾಕುವಾಗ ಮನೆಯ ಪಾಠ ಮತ್ತೆ ಕೆಲಸಕ್ಕೆ ಬಂತು. ಪುಸ್ತಕ ನೋಡಿ ಕಲಿತವರು ಎಲ್ಲ ಹಾಡಿಗೂ ಅದೇ ಮೂರು ಕಾರ್ಡ್ ಹಾಕುತ್ತಾರೆ, ರಾಗ ಸತ್ತು ಹೋಗುತ್ತದೆ. ನಾನು ರಾಗದ ಸ್ವರಗಳೊಳಗೆ ಏನು ಸಿಗುತ್ತದೆ ಅಂತ ಹುಡುಕುತ್ತೇನೆ. ಭೂಪದಲ್ಲಿ, ದಕ್ಷಿಣದವರ ಮೋಹನದಲ್ಲಿ, ಸಿಗುವುದು ಎರಡೇ: ಸ-ಗ-ಪ ಮೇಜರ್, ಧ-ಸ-ಗ ಮೈನರ್ (ಮೇಜರ್ ಕಾರ್ಡಿನದು ತೆರೆದ, ಬೆಳಕಿನ ದನಿ; ಮೈನರ್‌ನದು ಸ್ವಲ್ಪ ಮಂಕು). ಯಮನ್‌ನಲ್ಲಿ ಶುದ್ಧ ಮಧ್ಯಮದ ಕಾರ್ಡ್ ಹಾಕಿದರೆ ಕೆಟ್ಟಿತು. ಅದರ ಬದಲು ರಿಷಭದ ಮೇಲೆ ಮೇಜರ್, ರಿ-ತೀವ್ರ ಮ-ಧ, ಎಷ್ಟು ಬೆಳಕು ಬರುತ್ತದೆ ನೋಡಿ. ಮಾಲಕಂಸದಲ್ಲಿ ಪಂಚಮವೇ ಇಲ್ಲ, ಹಾಗಾಗಿ ಷಡ್ಜದ ಮೇಲೆ ಪೂರ್ತಿ ಕಾರ್ಡ್ ಕಟ್ಟಲು ಬರುವುದಿಲ್ಲ. ಮ-ಧ-ಸ ಮೈನರ್, ಇಲ್ಲವೇ ಕೋಮಲ ಧೈವತದ ಮೇಜರ್. ಎರಡೂ ಬೇಡ ಅನ್ನಿಸಿದರೆ ಬರೀ ಸ-ಮ ಹಿಡಿದು ಸುಮ್ಮನಿರುವುದು. ಸುಮ್ಮನಿರುವುದೇ ಕಷ್ಟ, ದುಡ್ಡು ಕೊಟ್ಟು ಕರೆಸಿದವರಿಗೆ ಕೈ ಆಡುತ್ತಲೇ ಇರಬೇಕು.

ಅಪ್ಪನ ತಕರಾರು ಬೇರೆ. ಕೀಬೋರ್ಡಿಗೆ ಅವರಿಟ್ಟ ಹೆಸರು ಕರೆಂಟ್ ಪೇಟಿ. "ಇದರಾಗ ಮೀಂಡ್ ಎಲ್ಲೈತಿ?" ಎಂದು ಕೇಳುತ್ತಿದ್ದರು. ಮೀಂಡ್ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವುದು. ನಗು ಬರುತ್ತಿತ್ತು. ಇದೇ ಆಪಾದನೆ ಹೊರಿಸಿ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ನಿಷೇಧ ಸಡಿಲವಾಗಿದ್ದು 1970ರ ದಶಕದ ಆರಂಭದಲ್ಲಿ. ಪೇಟಿಯವರು ಆ ಮಾತು ಕೇಳಿ ಎಷ್ಟು ನೊಂದಿದ್ದರೋ, ಅದೇ ಮಾತನ್ನು ಅಪ್ಪ ನನ್ನ ಮೇಲೆ ಪ್ರಯೋಗಿಸುತ್ತಿದ್ದರು!

ಆದರೆ ಉತ್ತರ ಕೀಬೋರ್ಡಿನಲ್ಲೇ ಇದೆ: ಪಿಚ್ ಬೆಂಡ್, ಒತ್ತಿದ ಸ್ವರವನ್ನು ಮೇಲಕ್ಕೆ ಕೆಳಕ್ಕೆ ಜಾರಿಸುವ ಸಾಧನ. ಅದೂ ಎಡಗೈಯ ಕೆಲಸವೇ. ಹೊಸ ಕೀಬೋರ್ಡಿನಲ್ಲಿ ಸಾಮಾನ್ಯವಾಗಿ ಅದು ಮೇಲಕ್ಕೆ ಎರಡು, ಕೆಳಕ್ಕೆ ಎರಡು ಅರ್ಧಸ್ವರ (ಒಂದು ಕೀಯಿಂದ ಪಕ್ಕದ ಕೀಗೆ ಇರುವಷ್ಟು ಅಂತರ) ಜಾರುವಂತೆ ಇಟ್ಟಿರುತ್ತಾರೆ. ಯಮನ್‌ನ ಗಾಂಧಾರದಿಂದ ತೀವ್ರ ಮಧ್ಯಮಕ್ಕೆ ಅಷ್ಟು ಸಾಕು. ಭೂಪದಲ್ಲಿ ಪಂಚಮದಿಂದ ಗಾಂಧಾರಕ್ಕೆ ಇಳಿಯಲು ಮೂರು ಬೇಕು, ಸೆಟ್ಟಿಂಗ್‌ಗೆ ಹೋಗಿ ಬದಲಿಸಿಕೊಳ್ಳಬೇಕು. ಜಾಸ್ತಿ ಮಾಡಿದಷ್ಟೂ ನಿಖರವಾಗಿ ನಿಲ್ಲಿಸುವುದು ಕಷ್ಟ. ಯಮಹಾದಲ್ಲಿ ಹೆಚ್ಚಾಗಿ ಮೇಲೆ-ಕೆಳಗೆ ತಿರುಗುವ ಚಕ್ರ, ರೋಲ್ಯಾಂಡ್‌ನಲ್ಲಿ ಎಡ-ಬಲ ತಳ್ಳುವ ಹಿಡಿಕೆ. ದರಬಾರಿ ರಾಗದ ಕೋಮಲ ಗಾಂಧಾರದ ಆಂದೋಲನಕ್ಕೆ, ಅಂದರೆ ನಿಧಾನದ ತೂಗಾಟಕ್ಕೆ, ನನಗೆ ಚಕ್ರವೇ ಇಷ್ಟ, ಹೆಬ್ಬೆರಳಿನಲ್ಲಿ ನಿಧಾನಕ್ಕೆ ಉರುಳಿಸಬಹುದು. ಕೊಳಲಿನ ಟೋನ್ ಹಾಕಿ ಅದನ್ನು ನುಡಿಸಿದ ದಿನ ಅಪ್ಪ ಏನೂ ಅನ್ನಲಿಲ್ಲ, "ಇನ್ನೂ ಸಾವಕಾಶ" ಎಂದರು ಅಷ್ಟೇ. ನಮ್ಮ ಮನೆಯಲ್ಲಿ ಅದು ಪಾಸ್ ಆದ ಹಾಗೆ.

ಅಜ್ಜನಿಂದ ನೇರವಾಗಿ ಬಂದದ್ದು ಎರಡು. ನಾಟಕದಲ್ಲಿ ನಾಯಕನದೊಂದು ಶ್ರುತಿ, ನಾಯಕಿಯದು ಇನ್ನೊಂದು. ಪೇಟಿಯ ಯಾವ ಮನೆಯಿಂದ (ಕೀಯಿಂದ) ಬೇಕಾದರೂ ಷಡ್ಜ ಹಿಡಿದು ನುಡಿಸುವುದನ್ನು ಅಜ್ಜ ನಮಗೆಲ್ಲ ಬೈದು ಕಲಿಸಿದ್ದರು. ಹಾಗಾಗಿ ಶ್ರುತಿಯನ್ನು ತಾನೇ ಬದಲಿಸಿಕೊಡುವ ಟ್ರಾನ್ಸ್‌ಪೋಸ್ ಬಟನ್ ನಾನು ಮುಟ್ಟುವುದು ಅಪರೂಪ. ವೇದಿಕೆಯಲ್ಲಿ ಗಾಯಕರು ತಟ್ಟನೆ "ಅರ್ಧ ಇಳಿಸಿ ಸಾರ್" ಎಂದರೆ ಬೆರಳೇ ಇಳಿಯುತ್ತದೆ. ಅಜ್ಜನಿಂದ ಬಂದ ಇನ್ನೊಂದು, ಅವರು ಪೇಟಿ ತುಳಿಯುತ್ತಿದ್ದ ಹಾಗೆ ಕಾಲಿನ ಕೆಲಸ. ವಯಲಿನ್ ಗುಂಪಿನ ಟೋನ್ ಹಾಕಿದಾಗ ದನಿ ಉಬ್ಬಿಸಲು, ಇಳಿಸಲು ಎಕ್ಸ್‌ಪ್ರೆಶನ್ ಪೆಡಲ್ ಬೇಕೇ ಬೇಕು. ಅದಿಲ್ಲದೆ ಎಷ್ಟೇ ದುಬಾರಿ ಕೀಬೋರ್ಡ್ ಆದರೂ ಸ್ಟ್ರಿಂಗ್ಸ್ ಹಲಗೆಯ ಹಾಗೆ ಚಪ್ಪಟೆ. ದುಡ್ಡು ಕಡಿಮೆಯಿದ್ದರೆ ಸಣ್ಣ ಕೀಬೋರ್ಡ್ ತಗೊಳ್ಳಿ, ಆದರೆ ಆ ಪೆಡಲ್ ಹಾಕಲು ಬರುತ್ತದಾ ಅಂತ ನೋಡಿ ತಗೊಳ್ಳಿ.

ಕೆಲಸದ ಬಗ್ಗೆ ಹೇಳುವುದಾದರೆ, ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತಿಂಗಳು ಮುಗಿಯುವವರೆಗೆ ಬಿಡುವಿಲ್ಲ. ಮಳೆಗಾಲದಲ್ಲಿ ಪಾಠವೇ ಗತಿ. ಸ್ಟುಡಿಯೋದಲ್ಲಿ ಈಗ ಪ್ರೋಗ್ರಾಮಿಂಗ್, ಅಂದರೆ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವುದು, ಗೊತ್ತಿಲ್ಲದ ಕೀಬೋರ್ಡಿನವರನ್ನು ಕರೆಯುವುದು ಕಡಿಮೆ. ಅದನ್ನೂ ಕಲಿತೆ, ಇಷ್ಟಪಟ್ಟು ಏನಲ್ಲ. ಸುಗಮ ಸಂಗೀತ ನನಗೆ ಹೆಚ್ಚು ಪ್ರೀತಿ. ಅಲ್ಲಿ ಕವಿಯ ಮಾತು ಮುಂದಿರಬೇಕು, ಸಾಲು ಮತ್ತು ಸಾಲಿನ ನಡುವೆ ಮಾತ್ರ ನಮಗೆ ಜಾಗ. ಪೇಟಿಯ ಸಾಥ್ ಕೇಳಿ ಬೆಳೆದವರಿಗೆ ಈ ಜಾಗ ಎಲ್ಲಿದೆ ಎಂದು ಯಾರೂ ತೋರಿಸಬೇಕಿಲ್ಲ.

ಒಂದು ಸೂಕ್ಷ್ಮ: ತಂಬೂರಿ ಜೊತೆ ಹಾಡುವ ಗಾಯಕರ ಶುದ್ಧ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ಸ್ ಕೆಳಗಿರುತ್ತದೆ (ನೂರು ಸೆಂಟ್ಸ್ ಸೇರಿದರೆ ಒಂದು ಅರ್ಧಸ್ವರ). ಕೆಲವು ಕೀಬೋರ್ಡ್‌ಗಳಲ್ಲಿ ಸ್ಕೇಲ್ ಟ್ಯೂನ್ ಎಂಬ ಸೆಟ್ಟಿಂಗ್‌ಗೆ ಹೋಗಿ ಆ ಒಂದು ಸ್ವರವನ್ನು ಇಳಿಸಬಹುದು. ನಾನು ಆಲಾಪಕ್ಕೆ ಇಳಿಸುತ್ತೇನೆ. ಶ್ರುತಿ ಬದಲಾಗುವ ಕಾರ್ಯಕ್ರಮದಲ್ಲಿ ಇಳಿಸುವುದಿಲ್ಲ, ಮುಂದಿನ ಹಾಡಿನಲ್ಲಿ ಅದೇ ಸ್ವರ ಬೇರೆಲ್ಲೋ ಕೂತು ಕಾಟ ಕೊಡುತ್ತದೆ.

ಈಗ ನನ್ನ ಹತ್ತಿರವೂ ಹಾರ್ಮೋನಿಯಂ ಮನೆಗಳ ಹುಡುಗರು ಬರುತ್ತಾರೆ. ಬಲಗೈಯಲ್ಲಿ ತಾನ್ ಹರಿಸಿ ತೋರಿಸುತ್ತಾರೆ. ಕೈ ಬೆನ್ನ ಹಿಂದೆ ಇಟ್ಟುಕೋ ಎನ್ನುತ್ತೇನೆ. ಮನೆಗೆ ಹೋಗಿ ದೂರು ಹೇಳುತ್ತಾರೆ, ಮರುದಿನ ಅವರ ಅಪ್ಪ ಬರುತ್ತಾರೆ. "ನಮ್ಮ ಹುಡುಗನಿಗೆ ಸರಿಗಮ ಎಲ್ಲ ಆಗಿದೆ ಸಾರ್, ಮತ್ತೆ ಮೊದಲಿಂದ ಯಾಕೆ?" ಅಂತ. ಆ ಅಪ್ಪಂದಿರನ್ನೇ ಕೂರಿಸಿ ಎಡಗೈಯಲ್ಲಿ ಒಂದು ಸರಿಗಮ ನುಡಿಸಿ ಎನ್ನುತ್ತೇನೆ. ಒಬ್ಬರಂತೂ ಈಗ ಮಗನ ಜೊತೆಗೇ ಪಾಠಕ್ಕೆ ಬರುತ್ತಿದ್ದಾರೆ, ಫೀಸು ಮಾತ್ರ ಒಬ್ಬರದೇ ಕೊಡುತ್ತಾರೆ.