ಮೂರು ರಾತ್ರಿಗೆ ಒಂದೇ ಕುದುರೆ: ನನ್ನ ಅನುಭವ

ಗಂಟೆಯ ಲೆಕ್ಕದ ಸವಾರಿಯನ್ನು ನಿಲ್ಲಿಸಿ, ಮೂರು ರಾತ್ರಿ ಉಳಿಯುವವರಿಗೆ ಮಾತ್ರ ಕುದುರೆ ಕೊಡುತ್ತೇನೆ ಎಂದು ನಾನು ತೀರ್ಮಾನಿಸಿದ ದಿನ, ದಾವಣಗೆರೆಯಲ್ಲಿ ಮಂಡಿ ನಡೆಸುವ ನನ್ನ ಭಾವ ನಕ್ಕಿದ್ದು ಇನ್ನೂ ನೆನಪಿದೆ. ಚಿತ್ರದುರ್ಗಕ್ಕೆ ಬರುವವರು ಕೋಟೆ ಹತ್ತಿ, ಚಂದ್ರವಳ್ಳಿ ನೋಡಿ, ಕತ್ತಲಾಗುವ ಮೊದಲು ಹೆದ್ದಾರಿ ಹಿಡಿಯುವವರು. ಹೊಳಲ್ಕೆರೆ ಸೀಮೆಯ ಬಂಡೆಗಳ ನಡುವೆ ಮೂರು ರಾತ್ರಿ ಮಲಗಲು ಯಾರು ಬರುತ್ತಾರೆ ಎಂಬುದು ಅವರ ವಾದ. ಕಳೆದ ಸಾಲಿನಲ್ಲಿ ಸುಮಾರು ಇಪ್ಪತ್ತೆಂಟು ತಂಡಗಳು ಬಂದು ಹೋದವು. ಈಗ ಅದೇ ಭಾವ ತಮ್ಮ ಗಿರಾಕಿಗಳ ಮಕ್ಕಳಿಗೆ ಜಾಗ ಕೇಳಿ ಫೋನು ಮಾಡುತ್ತಾರೆ. ಕುದುರೆ ಕಟ್ಟಿ ಕೈಸುಟ್ಟುಕೊಂಡವರು ನಮ್ಮ ಭಾಗದಲ್ಲಿ ಇನ್ನೂ ಕೆಲವರಿರುವುದರಿಂದ ನನ್ನ ಲೆಕ್ಕವನ್ನೂ ಬರೆದಿಡುತ್ತಿದ್ದೇನೆ.

ಗುಡ್ಡದ ಬುಡದ ಹನ್ನೊಂದು ಎಕರೆ ಖುಷ್ಕಿ ಜಮೀನಿನಲ್ಲಿ ನಾನು ಮೊದಲು ಕಟ್ಟಿದ್ದು ನಾಲ್ಕು ಕುದುರೆಗಳನ್ನು. ಶನಿವಾರ, ಭಾನುವಾರ ಬಂದವರಿಗೆ ಅರ್ಧ ಗಂಟೆಗೆ ಮುನ್ನೂರು ರೂಪಾಯಿ. ದುಡ್ಡು ಕೈಗೆ ಬರುತ್ತಿತ್ತು, ಆದರೆ ಒಂದೇ ದಿನ ಒಂದೇ ಬೆನ್ನಿನ ಮೇಲೆ ಹನ್ನೆರಡು ಜನ ಹತ್ತಿ ಇಳಿದರೆ, ಅದರಲ್ಲಿ ಎಂಟು ಜನ ಲಗಾಮು ಬಿಟ್ಟು ಫೋಟೊಕ್ಕೆ ಕೈ ಎತ್ತಿದರೆ ಏನಾಗುತ್ತದೆ ಎಂಬುದನ್ನು ಕುದುರೆ ಸಾಕಿದವರಿಗೆ ವಿವರಿಸಬೇಕಾಗಿಲ್ಲ. ಎರಡು ಕುದುರೆಗಳಿಗೆ ಬೆನ್ನ ಮೇಲಿನ ಜೀನು ಉಜ್ಜಿ ಹುಣ್ಣಾಯಿತು. ಮೂರನೆಯದು ಜೀನು ಕಂಡರೆ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತಿತ್ತು. ಆ ವರ್ಷ ಸರಿಸುಮಾರು ಮೂರು ಲಕ್ಷ ಕಳೆದುಕೊಂಡೆ.

ಆ ನಾಲ್ಕರಲ್ಲಿ ಎರಡು ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು. ತಲಾ ನಲವತ್ತೈದು ಸಾವಿರಕ್ಕೆ ಸಿಕ್ಕವೆಂದು ಹಿಗ್ಗಿದ್ದೆ. ಅವುಗಳ ಗೊರಸಿನ ತಳ ನಮ್ಮ ಕಲ್ಲುಗೊರಚಲಿಗೆ ತಡೆಯಲಿಲ್ಲ. ತಿಂಗಳಿಗೊಮ್ಮೆಯಾದರೂ ಒಂದು ಕಾಲು ಕೀವುಗಟ್ಟಿ ಕುಂಟುತ್ತಿತ್ತು. ಲಾಳ ಹೊಡೆಯುವವರು ಬೆಂಗಳೂರಿನಿಂದ ಬರಬೇಕು. ಹಾಸುಬಂಡೆಯ ಮೇಲೆ ನುಣುಪಾದ ಕಬ್ಬಿಣದ ಲಾಳ ಜಾರುವುದು ಬೇರೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಮೆಕ್ಕೆಜೋಳದಿಂದ ಬಿತ್ತು. ದಾವಣಗೆರೆ ಸುತ್ತ ಅದಕ್ಕೇನೂ ಬರವಿಲ್ಲವಲ್ಲ. ಮಳೆಗೆ ಸಿಕ್ಕಿ ಸ್ವಲ್ಪ ಬೂಷ್ಟು ಹಿಡಿದ ಆರು ಚೀಲವನ್ನು ಅರ್ಧ ಬೆಲೆಗೆ ತಂದು, ದನಗಳು ತಿಂದು ಅರಗಿಸಿಕೊಂಡವೆಂಬ ಧೈರ್ಯದಲ್ಲಿ ಕುದುರೆಗಳಿಗೂ ಹಾಕಿದೆ. ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ಕಂದು ಬಣ್ಣದ ಹೆಣ್ಣುಕುದುರೆ ಲಾಯದ ಮೂಲೆಯಲ್ಲಿ ಹಣೆಯನ್ನು ಗೋಡೆಗೆ ಒತ್ತಿಕೊಂಡು ನಿಂತಿತ್ತು. ಹೊರಗೆ ಬಿಟ್ಟರೆ ಎಡಕ್ಕೇ ಸುತ್ತು ಹೊಡೆಯುತ್ತಿತ್ತು, ನೀರಿನ ತೊಟ್ಟಿಗೆ ಎದೆ ತಾಗಿದರೂ ತೊಟ್ಟಿ ಕಾಣುತ್ತಿರಲಿಲ್ಲ. ಮರುದಿನ ಸಂಜೆಗೆ ಸತ್ತಿತು. ಬೂಷ್ಟಿನಲ್ಲಿ ಹುಟ್ಟುವ ಫ್ಯೂಮೋನಿಸಿನ್ ಎಂಬ ವಿಷ ಕುದುರೆಯ ಮಿದುಳನ್ನೇ ಕರಗಿಸುತ್ತದೆ, ದನಕ್ಕೆ ತಡೆಯುವಷ್ಟು ಕುದುರೆಗೆ ತಡೆಯುವುದಿಲ್ಲ ಎಂದು ಪಶುವೈದ್ಯರು ಹೇಳಿದಾಗ, ಆರು ಚೀಲದಲ್ಲಿ ಉಳಿಸಿದ ನಾಲ್ಕು ಸಾವಿರ ರೂಪಾಯಿ ನನ್ನ ಕಣ್ಣ ಮುಂದೆ ಬಂತು. ಅಂದಿನಿಂದ ನನ್ನ ಲಾಯಕ್ಕೆ ಮೆಕ್ಕೆಜೋಳ ಬಂದಿಲ್ಲ. ನೆನೆಸಿ ಬೇಯಿಸಿದ ಹುರುಳಿ, ರಾಗಿಹುಲ್ಲು, ಶೇಂಗಾ ಹೊಟ್ಟು, ಬೇಲಿಯೊಳಗಿನ ಹಸಿಹುಲ್ಲು ಇಷ್ಟರಲ್ಲೇ ನಡೆಯುತ್ತಿದೆ.

ಉಳಿದವನ್ನು ಮಾರಿ, ಮಹಾರಾಷ್ಟ್ರದ ಅಕ್ಲೂಜಿನ ಕುದುರೆ ಬಜಾರಿಗೆ ಎರಡು ಸಲ ಹೋಗಿ, ಗುಜರಾತಿನ ಕಾಠಿಯಾವಾಡಿ ಮಿಶ್ರತಳಿಯ ಆರು ಕುದುರೆಗಳನ್ನು ತಂದೆ. ಸೊಲ್ಲಾಪುರ, ವಿಜಯಪುರ, ಹೊಸಪೇಟೆ ದಾರಿಯಾಗಿ ಲಾರಿಯಲ್ಲಿ ತರುವಾಗ ಪ್ರತಿ ಮೂರು ಗಂಟೆಗೊಮ್ಮೆ ನಿಲ್ಲಿಸಿ ನೀರು ತೋರಿಸಿದ್ದೆವು. ತಲಾ ಎಪ್ಪತ್ತರಿಂದ ತೊಂಬತ್ತು ಸಾವಿರ ಬಿತ್ತೆಂದು ನೆನಪು. ಎತ್ತರ ಕಡಿಮೆ, ಗೊರಸು ಕಲ್ಲಿನಂತೆ ಗಟ್ಟಿ, ಬಿಸಿಲಿಗೆ ಬಗ್ಗುವುದಿಲ್ಲ. ಕೊಳ್ಳುವಾಗ ನಾನು ಕುದುರೆಯಲ್ಲಿ ನೋಡುವ ಒಂದು ಗುರುತಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮುಂದಿನ ಬಜಾರಿನಲ್ಲಿ ನನಗೇ ಬೆಲೆ ಏರುತ್ತದೆ.

ಈಗ ವಿಧಾನದ ಮಾತು. ಅಮೆರಿಕದ ವಯೋಮಿಂಗ್‌ನ ಪರ್ವತ ಸೀಮೆಯಲ್ಲಿ ಈಟನ್ ಸಹೋದರರು 1904ರಲ್ಲಿ ನೆಲೆಯೂರಿ ನಡೆಸಿದಂಥ, ಕುದುರೆ-ದನಗಳ ತೋಟದಲ್ಲೇ ಜನರನ್ನು ಇರಿಸಿಕೊಳ್ಳುವ ಅತಿಥಿ ರ‍್ಯಾಂಚುಗಳಲ್ಲಿ ಬಂದವರು ದಿನಗಟ್ಟಲೆ ಉಳಿಯುತ್ತಾರೆ, ಹೋಗುವವರೆಗೂ ಅವರಿಗೆ ಅದೇ ಕುದುರೆ. ನಾನು ಕದ್ದದ್ದು ಇಷ್ಟನ್ನೇ. ಗುರುವಾರ ಸಂಜೆ ಬಂದವರನ್ನು ಅಂದು ಕುದುರೆ ಹತ್ತಿಸುವುದಿಲ್ಲ. ಕೈಗೆ ಬ್ರಷ್ಷು ಕೊಟ್ಟು ಮಾಲೀಸು ಮಾಡಿಸುತ್ತೇನೆ, ಗೊರಸು ಎತ್ತಿಸಿ ಕಲ್ಲು ತೆಗೆಸುತ್ತೇನೆ, ಹುರುಳಿಯ ಬೋಗುಣಿ ಅವರ ಕೈಯಲ್ಲೇ ಇಡಿಸುತ್ತೇನೆ. ಶುಕ್ರವಾರ ಬೇಲಿಯೊಳಗೆ ಎರಡು ಗಂಟೆ, ಸಂಜೆ ಬಂಡಿಜಾಡಿನಲ್ಲಿ ಆರು ಕಿಲೋಮೀಟರು. ಶನಿವಾರ ಭೀಮಸಮುದ್ರದ ಕಡೆಗೆ ಇಡೀ ದಿನದ ದಾರಿ, ಜೀನಿನ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಜೋಗಿಮಟ್ಟಿ ವನ್ಯಜೀವಿಧಾಮದ ಗಡಿಯೊಳಕ್ಕೆ ಕುದುರೆ ಒಯ್ಯುವುದಿಲ್ಲ; ಹಳ್ಳದ ದಂಡೆ, ಕೆರೆ ಏರಿ, ಕೊಯ್ಲಾದ ಹೊಲಗಳಷ್ಟೇ ನಮ್ಮ ದಾರಿ. ಕುದುರೆ ಒಬ್ಬರ ಕೈಗೆ ಹೊಂದಿಕೊಂಡರೆ ಮೂರನೆಯ ದಿನ ಹೊಸಬರೂ ಕುಲುಕಾಡುವ ಟ್ರಾಟ್ ಓಟದಲ್ಲಿ ಬೀಳದೆ ಕುಳಿತಿರುತ್ತಾರೆ. ಯಾರಿಗೆ ಯಾವ ಕುದುರೆ ಎಂಬುದನ್ನು ಅವರು ಗೇಟಿನಿಂದ ಲಾಯದವರೆಗೆ ನಡೆದು ಬರುವಷ್ಟರಲ್ಲಿ ನಿರ್ಧರಿಸುತ್ತೇನೆ. ತಪ್ಪಿದ್ದು ಇದುವರೆಗೆ ಎರಡೇ ಸಲ.

ಗೇಟಿನ ಬಳಿ ತೂಕದ ಯಂತ್ರವಿದೆ. ನಮ್ಮ ಕುದುರೆಗಳು ಸುಮಾರು 400 ಕೆಜಿ, ಜೀನು ಒಂಬತ್ತು ಕೆಜಿ. ಜೀನೂ ಸವಾರನೂ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ಮೀರಬಾರದೆಂದರೆ ಸವಾರ 70 ಕೆಜಿಯೊಳಗಿರಬೇಕು. ದೊಡ್ಡ ಹುದ್ದೆಯ ಒಬ್ಬರು ಇದನ್ನು ಅವಮಾನವೆಂದು ತಿಳಿದು ಕಾರು ತಿರುಗಿಸಿದರು. ಮುಂಗಡ ವಾಪಸು ಕೊಟ್ಟೆ. ಆ ನಂತರ ದೊಡ್ಡ ಗಾತ್ರದ ಏಳನೆಯ ಕುದುರೆಯೊಂದನ್ನು ಕೊಂಡಿದ್ದೇನೆ, ಅದರ ಮಿತಿ 85.

ಜೀನಿನ ಹುಣ್ಣಿಗೆ ಪರಿಹಾರ ಸಿಕ್ಕಿದ್ದು ಆಕಸ್ಮಿಕವಾಗಿ. ಕಾನ್ಪುರದ ಜೀನಿನ ಕೆಳಗೆ ಹಾಕಲು ಆರು ಸಾವಿರದ ಜೆಲ್ ಪ್ಯಾಡು ತರಿಸಿದ್ದೆ. ಅದರಡಿ ಬೆವರು ನಿಂತು ಬೆನ್ನು ಬೆಂದಂತಾಗುತ್ತಿತ್ತು. ಒಂದು ದಿನ ಪ್ಯಾಡು ಒಣಗದೆ, ಚಳ್ಳಕೆರೆಯ ಕರಿಕಂಬಳಿಯನ್ನು ಮಡಚಿ ಹಾಕಿ ಹೊರಟೆ. ಹದಿನಾಲ್ಕು ಕಿಲೋಮೀಟರು ನಡೆದು ಬಂದು ಜೀನು ಇಳಿಸಿದರೆ ಬೆನ್ನಿನಲ್ಲಿ ಜೀನು ಒತ್ತಿದ್ದನ್ನು ತೋರಿಸುವ ಒಣಗಿದ ಚುಕ್ಕೆ ಎಲ್ಲೂ ಇಲ್ಲ, ಬೆವರಿನ ಗುರುತು ಎರಡೂ ಕಡೆ ಸಮನಾಗಿತ್ತು. ಈಗ ಏಳಕ್ಕೂ ಕಂಬಳಿಯೇ. ಎಷ್ಟು ಮಡಿಕೆ, ಬೆನ್ನೆಲುಬಿನ ಮೇಲೆ ಎಲ್ಲಿ ಎತ್ತಿ ಬಿಡಬೇಕು ಎಂಬುದನ್ನು ಬಂದವರಿಗೆ ಎದುರಿಗೇ ತೋರಿಸಬಲ್ಲೆ.

ಇನ್ನೊಂದು ಪ್ರಯೋಗಕ್ಕೆ ಮೂರು ವಾರ ಹಿಡಿಯಿತು. ನಮ್ಮ ಗುಡ್ಡಸಾಲಿನ ಮೇಲೆಲ್ಲ ಗಾಳಿಯಂತ್ರಗಳು. ಕುದುರೆಗೆ ಅವುಗಳ ಸದ್ದಿಗಿಂತ ನೆರಳಿನ ಭಯ ಹೆಚ್ಚು. ಬೆಳಗಿನ ಇಳಿಬಿಸಿಲಿನಲ್ಲಿ ರೆಕ್ಕೆಯ ಉದ್ದ ನೆರಳು ದಾರಿಯನ್ನು ಗುಡಿಸಿಕೊಂಡು ಬಂದಾಗ ಕುದುರೆಗಳು ಅನುಭವಿ ಸವಾರರನ್ನೂ ಕೆಡವಿವೆ, ನನ್ನನ್ನೂ ಸೇರಿಸಿ. ದಿನವೂ ಏಳು ಗಂಟೆಗೆ ಆ ನೆರಳಿನ ಅಂಚಿಗೆ ಕೈಹಿಡಿದು ನಡೆಸಿ, ಅಲ್ಲೇ ಹುರುಳಿ ತಿನ್ನಿಸಿ, ದಿನಕ್ಕೆ ನಾಲ್ಕು ಹೆಜ್ಜೆ ಒಳಕ್ಕೆ ಸರಿಸಿದೆ. ಆರು ಒಗ್ಗಿದವು. ಒಂದು ಇಂದಿಗೂ ಒಗ್ಗಿಲ್ಲ, ಅದಕ್ಕೆ ಬೇರೆ ದಾರಿ.

ಮರಳುನೆಲದಲ್ಲಿ ಕುದುರೆ ಕಟ್ಟಿದವರಿಗೆ ಒಂದು ಮಾತು: ಮೇವಿನ ಜೊತೆ ಮರಳೂ ಹೊಟ್ಟೆಗೆ ಹೋಗುತ್ತದೆ. ಕುದುರೆಗೆ ಹೊಟ್ಟೆನೋವು ಮರುಕಳಿಸುತ್ತಿದ್ದರೆ ಎರಡು ಲದ್ದಿಯುಂಡೆಗಳನ್ನು ನೀರಿನ ಬಕೆಟ್ಟಿನಲ್ಲಿ ಕದಡಿ ಹತ್ತು ನಿಮಿಷ ಬಿಡಿ. ತಳದಲ್ಲಿ ಒಂದು ಚಮಚ ಮರಳು ನಿಂತರೆ ಮೇವನ್ನು ನೆಲಕ್ಕೆ ಹಾಕುವುದು ನಿಲ್ಲಿಸಿ, ಇಸಬಗೋಲು ಎಂಬ ನಾರಿನ ಹೊಟ್ಟು ಶುರು ಮಾಡಿ.

ತಲೆಗೆ ಮೂರು ರಾತ್ರಿಗೆ 16,500 ರೂಪಾಯಿ, ತಂಡಕ್ಕೆ ಸರಾಸರಿ ನಾಲ್ಕು ಜನ. ವರ್ಷಕ್ಕೆ ಹದಿನೆಂಟು ಲಕ್ಷದ ಹತ್ತಿರ ಬರುತ್ತದೆ. ಕುದುರೆಯೊಂದಕ್ಕೆ ತಿಂಗಳಿಗೆ ಎಂಟು ಸಾವಿರದ ಮೇವು, ಮೂವರು ಆಳುಗಳ ಸಂಬಳ, ಆರು ವಾರಕ್ಕೊಮ್ಮೆ ಲಾಳ, ಔಷಧಿ, ಅಡುಗೆ ಎಲ್ಲ ಕಳೆದು ಕೈಯಲ್ಲಿ ಮೂರು ಲಕ್ಷಕ್ಕೆ ತುಸು ಕಡಿಮೆ ಉಳಿಯುತ್ತದೆ. ಹಾಕಿದ ಹತ್ತೊಂಬತ್ತು ಲಕ್ಷ ವಾಪಸು ಬರಲು ಇನ್ನೂ ಐದಾರು ವರ್ಷ ಬೇಕು. ಮೊದಲು ಬುಕಿಂಗ್ ಕಂಪನಿಯೊಂದಕ್ಕೆ ನೂರಕ್ಕೆ ಇಪ್ಪತ್ತೆರಡು ಕೊಡುತ್ತಿದ್ದೆ, ಅವರು ತೂಕದ ನಿಯಮವನ್ನು ಮುಚ್ಚಿಟ್ಟು ಜನರನ್ನು ಕಳಿಸುತ್ತಿದ್ದರು. ಅದನ್ನು ಬಿಟ್ಟ ಮೇಲೆಯೇ ಲೆಕ್ಕ ಕೂಡಿಬಂತು. ಬೇಸಿಗೆಯ ಎರಡು ತಿಂಗಳು ಬಾಗಿಲು ಹಾಕುತ್ತೇನೆ, ಆಗ ಕುದುರೆಗಳಿಗೆ ಜೀನಿಲ್ಲ.

ಅಕ್ಲೂಜಿನ ಬೂದು ಹೆಣ್ಣುಕುದುರೆ ಈಗ ಎಂಟು ತಿಂಗಳ ಗಬ್ಬ. ಕಾರ್ತಿಕದ ಹೊತ್ತಿಗೆ ಮರಿ ಹಾಕಬಹುದು. ಅದನ್ನು ಸವಾರಿಯಿಂದ ತೆಗೆದಿರುವುದರಿಂದ ಮುಂದಿನ ಆರೆಂಟು ತಿಂಗಳು ತಂಡಕ್ಕೆ ಒಬ್ಬರು ಕಡಿಮೆ. ಭಾವನ ಗಿರಾಕಿಗಳಿಗೂ ಅದನ್ನೇ ಹೇಳಿದ್ದೇನೆ.